ವಿಷದಿಂದ ಪಾರ್ಕಿನ್ಸನ್, ಅಲ್ಝೈಮರ್‌ಗೆ ಔಷಧಿ: ಒಂದ್ಸಲ ಕೆಲಸ ಮಾಡ್ತು ಅಂತಾರೆ, ಇನ್ನೊಂದ್ಸಲ ಇಲ್ಲ ಅಂತಾರೆ, ಯಾಕೆ?

2024ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ಬಂತು. ವಿಷ ಇರೋ ಒಂದು ಹಲ್ಲಿಯಿಂದ ಹುಟ್ಟಿದ ಔಷಧಿ ಪಾರ್ಕಿನ್ಸನ್ ಕಾಯಿಲೆ ಮುಂದುವರಿಯೋದನ್ನ ತಡೆದ ಹಾಗೆ ಕಾಣ್ತಿದೆ ಅಂತ. 2025ರ ಫೆಬ್ರವರಿಯಲ್ಲಿ, ಅದೇ ಹಲ್ಲಿಯ ವಿಷದಿಂದಲೇ ಬಂದ ಇನ್ನೊಂದು ಔಷಧಿಯಿಂದ ಪಾರ್ಕಿನ್ಸನ್‌ಗೆ ಏನೂ ಉಪಯೋಗ ಆಗ್ಲಿಲ್ಲ ಅಂತ ಮತ್ತೊಂದು ಸುದ್ದಿ. ಅದೇ ವರ್ಷ ನವೆಂಬರ್‌ನಲ್ಲಿ ಅದೇ ಗುಂಪಿಗೆ ಸೇರಿದ, ಸಕ್ಕರೆ ಕಾಯಿಲೆಗೆ ಕೊಡೋ ಸೆಮಾಗ್ಲುಟೈಡ್ ಅನ್ನೋ ಔಷಧಿ ಅಲ್ಝೈಮರ್ ಪರೀಕ್ಷೆಯಲ್ಲಿ ಸೋತಿತು. ಇದರ ಮಧ್ಯೆ ಜೇನುಹುಳದ ವಿಷ, ಕಣಜದ ವಿಷ, ಜೇಡದ ವಿಷ, ನಾಗರಹಾವಿನ ವಿಷ ಅಂತ ತಿಂಗಳಿಗೊಂದು ಸುದ್ದಿ ಓಡಾಡ್ತಾನೇ ಇರತ್ತೆ. ಮನೆಯಲ್ಲಿ ಈ ಕಾಯಿಲೆ ಇರೋರು ಒಬ್ಬರಿದ್ರೆ ಇವನ್ನೆಲ್ಲ ಓದಿ ಓದಿ ಯಾವುದನ್ನ ನಂಬೋದು ಅಂತಾನೇ ಗೊತ್ತಾಗಲ್ಲ.

ಈ ಸುದ್ದಿಗಳು ಒಂದಕ್ಕೊಂದು ವಿರುದ್ಧ ಅನ್ನಿಸೋದಕ್ಕೆ ಕಾರಣಗಳಿವೆ. ಅವು ವಿಷದಲ್ಲಿ ಇರೋದಕ್ಕಿಂತ ಜಾಸ್ತಿ ಮಿದುಳಿನಲ್ಲಿವೆ, ಮತ್ತು ಮಿದುಳಿನ ಕಾಯಿಲೆಯನ್ನ ನಾವು ಅಳೆಯೋ ರೀತಿಯಲ್ಲಿವೆ.

ವಿಷ ಅಂದ್ರೆ ಒಂದೇ ಪದಾರ್ಥ ಅಲ್ಲ

ಹಾವಿಂದಾಗ್ಲಿ ಚೇಳಿಂದಾಗ್ಲಿ, ಒಂದು ಹನಿ ವಿಷದಲ್ಲಿ ಹತ್ತಾರು, ಕೆಲವು ಪ್ರಾಣಿಗಳಲ್ಲಿ ನೂರಾರು ಬೇರೆ ಬೇರೆ ಅಣುಗಳಿರ್ತವೆ. ಕೆಲವು ರಕ್ತ ಹೆಪ್ಪುಗಟ್ಟೋದನ್ನ ಕೆಡಿಸ್ತವೆ, ಕೆಲವು ಬಿಪಿ ಇಳಿಸ್ತವೆ, ಕೆಲವು ನೇರವಾಗಿ ನರದ ಮೇಲೆ ಕೆಲಸ ಮಾಡ್ತವೆ. ನರಕೋಶದ ಗೋಡೆಯಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಶಿಯಂ ಒಳಗೆ ಹೊರಗೆ ಓಡಾಡೋ ಸಣ್ಣ ಸಣ್ಣ ದಾರಿಗಳಿರ್ತವೆ, ಅವನ್ನ ಅಯಾನ್ ಚಾನೆಲ್ ಅಂತಾರೆ. ಬೇಟೆ ಓಡಿಹೋಗೋ ಮೊದಲೇ ಅದರ ನರವನ್ನ ಸ್ತಬ್ಧ ಮಾಡ್ಬೇಕು, ಹಾಗಾಗಿ ಕೋಟ್ಯಂತರ ವರ್ಷದ ವಿಕಾಸದಲ್ಲಿ ವಿಷದ ಅಣುಗಳು ಈ ಚಾನೆಲ್‌ಗಳಲ್ಲಿ ಒಂದು ನಿರ್ದಿಷ್ಟ ಜಾತಿಯನ್ನೇ ಹುಡುಕಿ ಹಿಡಿಯೋ ಹಾಗೆ ತಯಾರಾಗಿವೆ. ಅದೇ ಕುಟುಂಬದ ಪಕ್ಕದ ಚಾನೆಲ್ ಮುಟ್ಟದೆ ಬೇಕಾಗಿದ್ದನ್ನ ಮಾತ್ರ ಮುಚ್ಚೋ ಅಣು ಲ್ಯಾಬ್‌ನಲ್ಲಿ ಮಾಡೋದು ಎಷ್ಟು ಕಷ್ಟ ಅಂತ ಔಷಧಿ ಮಾಡೋರಿಗೆ ಚೆನ್ನಾಗಿ ಗೊತ್ತು, ಅವರು ವಿಷದ ಕಡೆ ನೋಡೋದು ಅದಕ್ಕೇ.

ಕೊನೆಗೆ ಔಷಧಿ ಆಗೋದು ವಿಷ ಅಲ್ಲ ಅನ್ನೋದನ್ನೂ ಇಲ್ಲೇ ಹೇಳ್ಬೇಕು. ಬ್ರೆಜಿಲ್‌ನ ಜರಾರಾಕಾ ಅನ್ನೋ ಮಂಡಲದ ಹಾವಿನ ವಿಷದಲ್ಲಿ ರಕ್ತದೊತ್ತಡಕ್ಕೆ ಸಂಬಂಧಪಟ್ಟ, ಅಮೈನೊ ಆಮ್ಲಗಳ ಸಣ್ಣ ಸರಪಣಿಯಂಥ ಪೆಪ್ಟೈಡ್‌ಗಳಿವೆ ಅಂತ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ತೋರಿಸಿದ್ರು. ಅದರಿಂದ ಪಾಠ ಕಲಿತು ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಮಾಡಿದ್ರು, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. ಆ ಮಾತ್ರೆಯಲ್ಲಿ ಹಾವಿನದ್ದು ಅಂತ ಒಂದು ಕಣವೂ ಇಲ್ಲ, ಇರೋದು ಹಾವಿನ ಅಣುವನ್ನ ನೋಡಿ ಕಟ್ಟಿದ ಒಂದು ಸಣ್ಣ ರಾಸಾಯನಿಕ. ಹಾಗಾಗಿ "ಹಾವಿನ ವಿಷದಿಂದ ಔಷಧಿ" ಅಂತ ಓದಿದಾಗ ಹಾವು ಹಿಡಿದು ವಿಷ ತೆಗೆದು ಇಂಜೆಕ್ಷನ್‌ಗೆ ತುಂಬೋ ಚಿತ್ರ ತಲೆಗೆ ಬಂದ್ರೆ ಅದು ತಪ್ಪು ಚಿತ್ರ.

ನರವಿಜ್ಞಾನಕ್ಕೆ ಹಾವಿನ ಸಾಲ ಹಳೇದು

1950ರ ದಶಕದಲ್ಲಿ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಒಂದು ಗಡ್ಡೆಯ ರಸದಲ್ಲಿ ನರಗಳನ್ನ ಬೆಳೆಸೋ ಅಂಶ ಯಾವುದು ಅಂತ ಹುಡುಕ್ತಿದ್ರು. ಅದು ನ್ಯೂಕ್ಲಿಯಿಕ್ ಆಮ್ಲವೋ ಪ್ರೋಟೀನೋ ಅಂತ ತಿಳ್ಕೊಳ್ಳೋಕೆ ಆ ರಸಕ್ಕೆ ಹಾವಿನ ವಿಷ ಹಾಕಿದ್ರು, ಯಾಕಂದ್ರೆ ವಿಷದಲ್ಲಿ ನ್ಯೂಕ್ಲಿಯಿಕ್ ಆಮ್ಲವನ್ನ ಒಡೆಯೋ ಕಿಣ್ವ ಇದೆ. ನರದ ಬೆಳವಣಿಗೆ ನಿಲ್ಲತ್ತೋ ಇಲ್ವೋ ನೋಡೋಣ ಅಂತ ಹಾಕಿದ್ರೆ ಅದು ಮೊದಲಿಗಿಂತ ಜೋರಾಗಿ ಬೆಳೀತು! ವಿಷದಲ್ಲೇ ಆ ಅಂಶ, ಅಂದ್ರೆ ನರ್ವ್ ಗ್ರೋತ್ ಫ್ಯಾಕ್ಟರ್, ರಾಶಿ ಇತ್ತು. ಈ ಸಾಲಿನ ಕೆಲಸಕ್ಕೆ 1986ರಲ್ಲಿ ನೊಬೆಲ್ ಬಂತು.

ಅದಾದ್ಮೇಲೆ, ಕ್ರೈಟ್ ಅಂತ ಕರೆಯೋ ಕಟ್ಟುಹಾವಿನ ಜಾತಿಯೊಂದರ ವಿಷದಿಂದ ಆಲ್ಫಾ ಬಂಗಾರೊಟಾಕ್ಸಿನ್ ಅನ್ನೋ ಅಣುವನ್ನ 1963ರಲ್ಲಿ ತೈವಾನ್‌ನಲ್ಲಿ ಬೇರ್ಪಡಿಸಿದ್ರು. ನರ ಮತ್ತು ಸ್ನಾಯು ಸೇರೋ ಜಾಗದಲ್ಲಿ ಸಂದೇಶ ಹಿಡಿಯೋ ಗ್ರಾಹಕಕ್ಕೆ (ರಿಸೆಪ್ಟರ್) ಅದು ಗಟ್ಟಿಯಾಗಿ ಅಂಟ್ಕೊಳ್ಳತ್ತೆ. ಮಯಸ್ತೇನಿಯಾ ಗ್ರಾವಿಸ್ ಅನ್ನೋ ಸ್ನಾಯು ಸೋಲೋ ಕಾಯಿಲೆಯಲ್ಲಿ ಆ ಗ್ರಾಹಕಗಳೇ ಕಡಿಮೆ ಆಗಿರ್ತವೆ ಅಂತ 1973ರಲ್ಲಿ ಗೊತ್ತಾಗಿದ್ದು ಈ ವಿಷದ ಸಹಾಯದಿಂದ. ಕಾಯಿಲೆ ಅರ್ಥ ಮಾಡ್ಕೊಳ್ಳೋ ಉಪಕರಣವಾಗಿ ವಿಷ ಈಗಾಗ್ಲೇ ಗೆದ್ದಾಗಿದೆ. ಉಪಕರಣ ಆಗೋದಕ್ಕೂ ಔಷಧಿ ಆಗೋದಕ್ಕೂ ಮಾತ್ರ ತುಂಬಾ ದೂರ ಇದೆ, ಅದೇ ನರ್ವ್ ಗ್ರೋತ್ ಫ್ಯಾಕ್ಟರ್‌ನ ಜೀನ್ ಅನ್ನ ಅಲ್ಝೈಮರ್ ರೋಗಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಸೇರಿಸಿದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂದಾಗ ರೋಗಿಗಳಿಗೆ ಲಾಭ ಕಾಣ್ಲಿಲ್ಲ.

ಗಿಲಾ ಮಾನ್‌ಸ್ಟರ್ ಕಥೆ

ಈಗಿನ ಗೊಂದಲದ ಮೂಲ ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಗಿಲಾ ಮಾನ್‌ಸ್ಟರ್ ಅನ್ನೋದು ಅಮೆರಿಕದ ನೈಋತ್ಯ ಭಾಗ ಮತ್ತು ಮೆಕ್ಸಿಕೋದ ಮರುಭೂಮಿಯಲ್ಲಿರೋ ದಪ್ಪ ಹಲ್ಲಿ. ಅದರ ಜೊಲ್ಲಿನ ವಿಷದಲ್ಲಿ ಎಕ್ಸೆಂಡಿನ್-4 ಅನ್ನೋ 39 ಅಮೈನೊ ಆಮ್ಲದ ಪೆಪ್ಟೈಡ್ ಇದೆ ಅಂತ ಜಾನ್ ಎಂಗ್ 1992ರಲ್ಲಿ ವರದಿ ಮಾಡಿದ್ರು. ನಮ್ಮ ಕರುಳಲ್ಲಿ ಊಟದ ನಂತರ ಹೊರಬರೋ ಜಿಎಲ್‌ಪಿ-1 ಹಾರ್ಮೋನಿನ ಹತ್ತಿರದ ಹೋಲಿಕೆ ಇದಕ್ಕಿದೆ. ನಮ್ಮ ಹಾರ್ಮೋನನ್ನ ದೇಹದ ಕಿಣ್ವ ಎರಡು ಮೂರು ನಿಮಿಷದಲ್ಲಿ ಕತ್ತರಿಸಿ ಹಾಕತ್ತೆ. ಹಲ್ಲಿಯದ್ದರಲ್ಲಿ ಆ ಕಿಣ್ವ ಕತ್ತರಿಸೋ ಜಾಗದಲ್ಲಿ ಒಂದು ಅಮೈನೊ ಆಮ್ಲ ಬೇರೆ ಇದೆ, ಅಷ್ಟಕ್ಕೇ ಅದು ಗಂಟೆಗಟ್ಟಲೆ ಉಳಿಯತ್ತೆ. ಅದನ್ನ ಕೃತಕವಾಗಿ ತಯಾರಿಸಿ ಎಕ್ಸೆನಟೈಡ್ ಅಂತ ಹೆಸರಿಟ್ರು, 2005ರಲ್ಲಿ ಸಕ್ಕರೆ ಕಾಯಿಲೆಗೆ ಅನುಮತಿ ಸಿಕ್ತು. ಲಿಕ್ಸಿಸೆನಟೈಡ್ ಕೂಡ ಇದೇ ಅಣುವನ್ನ ಬದಲಾಯಿಸಿ ಮಾಡಿದ್ದು. ಸೆಮಾಗ್ಲುಟೈಡ್ ಮಾತ್ರ ಹಲ್ಲಿಯ ಅಣು ಅಲ್ಲ, ಮನುಷ್ಯರ ಜಿಎಲ್‌ಪಿ-1 ಅನ್ನೇ ತಿದ್ದಿ ಮಾಡಿದ್ದು, ಆದ್ರೆ ಹೋಗಿ ಕೂರೋದು ಅದೇ ಗ್ರಾಹಕದ ಮೇಲೆ.

ಸಕ್ಕರೆ ಕಾಯಿಲೆ ಔಷಧಿಗೂ ಮಿದುಳಿಗೂ ಏನು ಸಂಬಂಧ? ಜಿಎಲ್‌ಪಿ-1 ಗ್ರಾಹಕ ಮಿದುಳಿನಲ್ಲೂ ಇದೆ. ಈ ಔಷಧಿ ಕೊಟ್ಟಾಗ ಪ್ರಾಣಿಗಳ ಮಿದುಳಲ್ಲಿ ಉರಿಯೂತ ಕಡಿಮೆ ಆಯ್ತು, ಪಾರ್ಕಿನ್ಸನ್‌ನಲ್ಲಿ ಸಾಯೋ, ಡೋಪಮೈನ್ ಅನ್ನೋ ರಾಸಾಯನಿಕ ತಯಾರಿಸೋ ಕೋಶಗಳು ಉಳಿದ್ವು. ಜೊತೆಗೆ ಸಕ್ಕರೆ ಕಾಯಿಲೆಗೆ ಈ ಗುಂಪಿನ ಔಷಧಿ ತಗೊಳ್ತಿದ್ದೋರಲ್ಲಿ ಪಾರ್ಕಿನ್ಸನ್ ಕಡಿಮೆ ಕಾಣ್ತಿದೆ ಅಂತ ಆಸ್ಪತ್ರೆ ದಾಖಲೆಗಳ ಅಧ್ಯಯನಗಳು ಹೇಳಿದ್ವು. ಇಂಥ ದಾಖಲೆಯಿಂದ ಸಂಬಂಧ ಗೊತ್ತಾಗತ್ತೆ, ಕಾರಣ ಗೊತ್ತಾಗಲ್ಲ, ಯಾಕಂದ್ರೆ ಹೊಸ ದುಬಾರಿ ಔಷಧಿ ಸಿಗೋರು ಬೇರೆ ರೀತಿಯಲ್ಲೂ ಆರೋಗ್ಯವಾಗಿರಬಹುದು. ಆದ್ರೂ ಪರೀಕ್ಷೆ ಮಾಡಿ ನೋಡೋಕೆ ಇಷ್ಟು ಸಾಕಿತ್ತು.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಟಾಮ್ ಫೋಲ್ಟಿನಿ ತಂಡ 62 ಪಾರ್ಕಿನ್ಸನ್ ರೋಗಿಗಳ ಮೇಲೆ 48 ವಾರ ಎಕ್ಸೆನಟೈಡ್ ಪರೀಕ್ಷೆ ಮಾಡ್ತು, 2017ರಲ್ಲಿ ಫಲಿತಾಂಶ ಬಂತು. ಔಷಧಿ ನಿಲ್ಲಿಸಿ 12 ವಾರ ಆದ್ಮೇಲೂ ಔಷಧಿ ತಗೊಂಡೋರು ಚಲನೆಯ ಸ್ಕೋರ್‌ನಲ್ಲಿ ತಗೊಳ್ಳದೋರಿಗಿಂತ ಸುಮಾರು 3.5 ಅಂಕದಷ್ಟು ಉತ್ತಮ ಸ್ಥಿತಿಯಲ್ಲಿದ್ರು. 2024ರಲ್ಲಿ ಫ್ರಾನ್ಸ್‌ನ ಪರೀಕ್ಷೆ: 156 ರೋಗಿಗಳು, ಲಿಕ್ಸಿಸೆನಟೈಡ್, 12 ತಿಂಗಳು. ಹುಸಿಮದ್ದು ಅಂದ್ರೆ ಪ್ಲಸೀಬೊ ತಗೊಂಡೋರ ಸ್ಥಿತಿ ಸುಮಾರು 3 ಅಂಕ ಕೆಟ್ಟಿತ್ತು, ಔಷಧಿ ತಗೊಂಡೋರದ್ದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ವಾಕರಿಕೆ ಮಾತ್ರ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಬಂತು.

ಆಮೇಲೆ 2025ರಲ್ಲಿ ಎಕ್ಸೆನಟೈಡ್‌ನ ದೊಡ್ಡ ಪರೀಕ್ಷೆಯ ಫಲಿತಾಂಶ. 194 ಜನ, 96 ವಾರ. ಔಷಧಿ ತಗೊಂಡೋರು 5.7 ಅಂಕ ಕೆಟ್ರು, ಪ್ಲಸೀಬೊ ತಗೊಂಡೋರು 4.5 ಅಂಕ ಕೆಟ್ರು. ಅಂದ್ರೆ ಲಾಭ ಏನೂ ಇಲ್ಲ.

ಈ ಅಂಕ ಅಂದ್ರೆ ಏನು

ಪಾರ್ಕಿನ್ಸನ್‌ನ ಚಲನೆ ಪರೀಕ್ಷೆಯಲ್ಲಿ ಒಟ್ಟು 132 ಅಂಕ, ಅಂಕ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟಿದೆ ಅಂತ. ಡಾಕ್ಟರ್ ಎದುರು ಕೂತು, ತೋರುಬೆರಳನ್ನ ಹೆಬ್ಬೆರಳಿಗೆ ಹತ್ತು ಸಲ ಆದಷ್ಟು ಬೇಗ, ಆದಷ್ಟು ಅಗಲ ಮಾಡಿ ತಟ್ಟಿ ಅಂತಾರೆ. ಲಯ ಎಲ್ಲಿ ತಪ್ತು, ಬೆರಳು ಎಲ್ಲಿ ನಿಂತೋಯ್ತು, ತಟ್ತಾ ತಟ್ತಾ ಅಗಲ ಎಷ್ಟು ಕಮ್ಮಿ ಆಯ್ತು ಅಂತ ಕಣ್ಣಲ್ಲೇ ನೋಡಿ 0ಯಿಂದ 4ರವರೆಗೆ ಅಂಕ ಕೊಡ್ತಾರೆ. ಆಮೇಲೆ ಇನ್ನೊಂದು ಕೈ. ಆಮೇಲೆ ಕಾಲ್ಬೆರಳು ನೆಲಕ್ಕೆ ತಟ್ಟೋದು, ಕೈಕಟ್ಟಿ ಕುರ್ಚಿಯಿಂದ ಏಳೋದು, ನಡೆಯೋದು, ಹಿಂದಿನಿಂದ ಭುಜ ಎಳೆದಾಗ ಬೀಳದೆ ನಿಲ್ಲೋದು. ಕಾಯಿಲೆಯ ನಿಜ ಸ್ಥಿತಿ ಗೊತ್ತಾಗಲಿ ಅಂತ ಎಷ್ಟೋ ಸಲ ಹಿಂದಿನ ರಾತ್ರಿಯಿಂದ ಮಾಮೂಲಿ ಮಾತ್ರೆ ನಿಲ್ಲಿಸಿ ಬರೋಕೆ ಹೇಳ್ತಾರೆ, ಅದು ರೋಗಿಗೆ ಬಹಳ ಕಷ್ಟದ ಬೆಳಗು.

ಒಬ್ಬರೇ ರೋಗಿಯ ಸ್ಕೋರ್ ಕೂಡ ನಿದ್ದೆ, ಆತಂಕ, ಉತ್ಸಾಹದ ಮೇಲೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾಗತ್ತೆ. ದೊಡ್ಡ ಪರೀಕ್ಷೆಯಲ್ಲಿ ಒಬ್ಬರಿಂದೊಬ್ಬರಿಗೆ ಬದಲಾವಣೆಯಲ್ಲಿದ್ದ ಏರುಪೇರು ಸುಮಾರು 11 ಅಂಕ. ಅಷ್ಟು ಏರುಪೇರಿನ ಮಧ್ಯೆ 3 ಅಂಕದ ವ್ಯತ್ಯಾಸ ಹುಡುಕೋಕೆ ಪ್ರತಿ ಗುಂಪಿನಲ್ಲಿ ಮೂವತ್ತು ಚಿಲ್ಲರೆ ಜನ ಇದ್ರೆ ಅದೃಷ್ಟದ ಪಾಲೇ ಜಾಸ್ತಿ ಆಗಿಬಿಡಬಹುದು. ಸಣ್ಣ ಪರೀಕ್ಷೆ ಮೋಸ ಅಂತ ಇದರರ್ಥ ಅಲ್ಲ, ಅದು ಬಾಗಿಲು ತಟ್ಟಿ ನೋಡೋ ಹಂತ. ಆದ್ರೆ ಸುದ್ದಿಯಲ್ಲಿ ಅದು ಬಾಗಿಲು ತೆರೆದ ಹಾಗೇ ಬರತ್ತೆ, ತೊಂದರೆ ಶುರುವಾಗೋದು ಅಲ್ಲಿಂದ.

ಇನ್ನೊಂದು ಸೂಕ್ಷ್ಮ ಇದೆ. ಸೋರ್ತಿರೋ ಟ್ಯಾಂಕಿಗೆ ನೀರು ತುಂಬಿಸಿದ್ರೂ ಮಟ್ಟ ಏರತ್ತೆ, ತೂತು ಮುಚ್ಚಿದ್ರೂ ಮಟ್ಟ ಉಳಿಯತ್ತೆ. ಪಾರ್ಕಿನ್ಸನ್‌ಗೆ ಮಾಮೂಲಿಯಾಗಿ ಕೊಡೋ ಲೆವೊಡೋಪ ಮಾಡೋದು ಮೊದಲನೇ ಕೆಲಸ, ಕಮ್ಮಿಯಾದ ಡೋಪಮೈನ್ ತುಂಬಿಸತ್ತೆ ಅಷ್ಟೇ, ಕೋಶ ಸಾಯೋದು ನಿಲ್ಲಲ್ಲ. ವಿಷಮೂಲದ ಈ ಔಷಧಿಗಳಿಂದ ನಿರೀಕ್ಷೆ ಇದ್ದಿದ್ದು ಎರಡನೇ ಕೆಲಸ. ಸ್ಕೋರ್ ನೋಡಿದ್ರೆ ಯಾವುದು ಆಗಿದೆ ಅಂತ ಹೇಳೋಕಾಗಲ್ಲ, ಹಾಗಾಗೇ ಔಷಧಿ ನಿಲ್ಲಿಸಿ ಎಷ್ಟೋ ವಾರ ಕಾದು ಮತ್ತೆ ಅಳೀತಾರೆ. ಕಾದ ಅವಧಿ ಸಾಕಾಯ್ತಾ ಅನ್ನೋದೇ ಆಮೇಲೆ ಜಗಳ ಆಗತ್ತೆ.

ಮಿದುಳಿನ ಕಾವಲು

ರಕ್ತದಿಂದ ಮಿದುಳಿಗೆ ಏನು ಹೋಗಬೇಕು ಏನು ಹೋಗಬಾರದು ಅಂತ ರಕ್ತನಾಳದ ಕೋಶಗಳು ಒತ್ತೊತ್ತಾಗಿ ಸೇರಿ ಕಾವಲು ಕಾಯ್ತವೆ. ವಿಷದ ಅಣುಗಳು ಹೆಚ್ಚಿನವು ಪೆಪ್ಟೈಡ್, ಸಣ್ಣ ಮಾತ್ರೆಯ ಅಣುಗಳಿಗಿಂತ ದೊಡ್ಡವು, ಹಾಗಾಗಿ ಈ ಕಾವಲು ದಾಟೋದು ಅವಕ್ಕೆ ಕಷ್ಟ. ನಿಜ ಹೇಳ್ಬೇಕಂದ್ರೆ ಹಾವು ಚೇಳು ಕಚ್ಚಿದಾಗ ಮಾರಕ ಆಗೋ ನರವಿಷ ಬಹುತೇಕ ಕೆಲಸ ಮಾಡೋದು ಮಿದುಳಿನ ಹೊರಗಿನ ನರ ಸ್ನಾಯುಗಳ ಮೇಲೆ, ಉಸಿರಾಟದ ಸ್ನಾಯು ನಿಲ್ಲಿಸೋಕೆ ಮಿದುಳಿನೊಳಗೆ ಹೋಗೋ ಅಗತ್ಯವೇ ಅವಕ್ಕೆ ಬಂದಿಲ್ಲ.

ಇದು ಎಷ್ಟು ದೊಡ್ಡ ಅಡ್ಡಿ ಅಂತ ಜಿಕೊನೊಟೈಡ್ ನೋಡಿದ್ರೆ ಗೊತ್ತಾಗತ್ತೆ. ಕೋನಸ್ ಮ್ಯಾಗಸ್ ಅನ್ನೋ ಸಮುದ್ರದ ಶಂಖದ ಜೀವಿಯ ವಿಷದಿಂದ ಬಂದ ಈ ನೋವಿನ ಔಷಧಿಗೆ 2004ರಲ್ಲಿ ಅನುಮತಿ ಸಿಕ್ತು. ಅದನ್ನ ಮಾತ್ರೆಯಾಗಿ ನುಂಗೋಕೆ ಆಗಲ್ಲ, ಮಾಮೂಲಿ ಇಂಜೆಕ್ಷನ್ ಆಗಿಯೂ ಕೊಡಲ್ಲ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಪಂಪ್‌ನಿಂದ ನೇರವಾಗಿ ಬಿಡ್ಬೇಕು. ಗೊಂದಲ, ಭ್ರಮೆಯಂಥ ಗಂಭೀರ ಮಾನಸಿಕ ಅಡ್ಡಪರಿಣಾಮಗಳ ಎಚ್ಚರಿಕೆ ಅದರ ಮೇಲೇ ಇದೆ. ತಡೆಯೋಕಾಗದ ನೋವಿರೋ ಕೆಲವರಿಗೆ ಅದು ಸರಿ, ಆದ್ರೆ ಈಗಾಗ್ಲೇ ನೆನಪು ಕುಗ್ಗಿರೋ ಅಲ್ಝೈಮರ್ ರೋಗಿಗೆ ವರ್ಷಗಟ್ಟಲೆ ಇಂಥ ದಾರಿಯಲ್ಲಿ ಔಷಧಿ ಕೊಡೋದು ಯೋಚಿಸೋಕೂ ಕಷ್ಟ.

ಇಲಿಯಲ್ಲಿ ಗೆದ್ದಿದ್ದು ಮನುಷ್ಯರಲ್ಲಿ ಯಾಕೆ ಸೋಲತ್ತೆ

ಲ್ಯಾಬ್‌ನಲ್ಲಿ ಇಲಿಗೆ ಪಾರ್ಕಿನ್ಸನ್ ಬರಿಸೋದು ಎಷ್ಟೋ ಸಲ ಒಂದು ರಾಸಾಯನಿಕ ಕೊಟ್ಟು, ಕೆಲವೇ ದಿನದಲ್ಲಿ ಡೋಪಮೈನ್ ಕೋಶ ಸಾಯೋ ಹಾಗೆ ಮಾಡಿ. ಎಷ್ಟೋ ಪ್ರಯೋಗಗಳಲ್ಲಿ ಔಷಧಿಯನ್ನ ಆ ರಾಸಾಯನಿಕಕ್ಕಿಂತ ಮೊದಲೇ ಅಥವಾ ಜೊತೆಗೇ ಕೊಟ್ಟಿರ್ತಾರೆ. ಮನುಷ್ಯರಲ್ಲಿ ಕಾಯಿಲೆ ಹತ್ತಾರು ವರ್ಷ ಒಳಗೊಳಗೇ ಬೆಳೆದು, ಕೈ ನಡುಗೋ ಹೊತ್ತಿಗೆ ಆ ಭಾಗದ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಯೇ ಆಗಿರತ್ತೆ. ಸತ್ತ ಕೋಶವನ್ನ ಯಾವ ವಿಷವೂ ವಾಪಸ್ ತರಲ್ಲ. ಕಣಜದ ವಿಷದ ಅಣು ಇಲಿಯ ಮಿದುಳನ್ನ ಕಾಪಾಡ್ತು ಅನ್ನೋ ಸುದ್ದಿ ಓದುವಾಗ ಈ ಒಂದು ವಿಷಯ ನೆನಪಿಟ್ಕೊಂಡ್ರೆ ಅರ್ಧ ಗೊಂದಲ ಕಮ್ಮಿ ಆಗತ್ತೆ.

ತಜ್ಞರು ಎಲ್ಲಿ ಒಪ್ಪಲ್ಲ

ಒಂದು ಕಡೆಯವರ ಪ್ರಕಾರ ಈ ದಾರಿ ಮುಗೀತು. ಎಕ್ಸೆನಟೈಡ್ ಸೋತಿತು, ಅದನ್ನೇ ಬದಲಾಯಿಸಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯೋ ಹಾಗೆ ಮಾಡಿದ ಎನ್‌ಎಲ್‌ವೈ01 ಕೂಡ ಪಾರ್ಕಿನ್ಸನ್‌ನಲ್ಲಿ ಸೋತಿತು, ಅಲ್ಝೈಮರ್‌ನಲ್ಲಿ ಸೆಮಾಗ್ಲುಟೈಡ್ ಮಾತ್ರೆಯ ಎರಡು ಪರೀಕ್ಷೆ ಸೇರಿ 3,808 ಜನರ ಮೇಲೆ ನಡೆದು ಸೋತ್ವು. ಅಲ್ಲಿ ಕಾಯಿಲೆಯನ್ನ ಸೂಚಿಸೋ ಕೆಲವು ಜೈವಿಕ ಗುರುತುಗಳು ಸುಧಾರಿಸಿದ್ರೂ ಕಾಯಿಲೆಯ ವೇಗ ಕಮ್ಮಿ ಆಗ್ಲಿಲ್ಲ. ಇಷ್ಟಾದ್ಮೇಲೂ ಹಿಡ್ಕೊಂಡಿರೋದು ಹಟ ಅಂತ ಇವರ ಮಾತು.

ಇನ್ನೊಂದು ಕಡೆಯವರು ಹೇಳೋದು, ಔಷಧಿ ಮಿದುಳಿಗೆ ಸಾಕಷ್ಟು ತಲುಪಿದ್ಯಾ ಅಂತ ಮೊದಲು ನೋಡಿ. ಎನ್‌ಎಲ್‌ವೈ01ಗೆ ದೊಡ್ಡ ಬಾಲ ಸೇರಿಸಿದ್ರಿಂದ ಅದು ಕಾವಲು ದಾಟಿರೋದೇ ಅನುಮಾನ. ಫ್ರಾನ್ಸ್‌ನ ಪರೀಕ್ಷೆಯಲ್ಲಿ ಇದ್ದಿದ್ದು ಕಾಯಿಲೆ ಗೊತ್ತಾಗಿ ಮೂರು ವರ್ಷ ಆಗದೇ ಇರೋರು, ಎಕ್ಸೆನಟೈಡ್‌ನ ದೊಡ್ಡ ಪರೀಕ್ಷೆಯಲ್ಲಿ ಕಾಯಿಲೆ ಹಳೇದಾದೋರೂ ಇದ್ರು. ಬೇಗ ಶುರು ಮಾಡಿದ್ರೆ, ಸರಿಯಾದ ರೋಗಿಗಳನ್ನ ಆರಿಸಿದ್ರೆ ಫಲಿತಾಂಶ ಬೇರೆ ಬರಬಹುದು.

ಎರಡನೇ ವಾದದಲ್ಲಿ ಹುರುಳಿದೆ. ಆದ್ರೆ ಸೋತ ಮೇಲೆ ಗೆದ್ದ ಗುಂಪನ್ನ ಹುಡುಕೋದು ಯಾವ ಔಷಧಿಗೂ ಸಾಧ್ಯ, ಹಾಗಾಗಿ ಸಾಬೀತು ಮಾಡೋ ಹೊಣೆ ಈಗ ಅವರ ಮೇಲಿದೆ. ಪಾರ್ಕಿನ್ಸನ್‌ಗೆ ಎಕ್ಸೆನಟೈಡ್ ಅನ್ನೋ ಪ್ರಶ್ನೆ ಮುಗಿದಿದೆ ಅಂತ ಧೈರ್ಯವಾಗಿ ಹೇಳಬಹುದು. ಲಿಕ್ಸಿಸೆನಟೈಡ್ ಪ್ರಶ್ನೆ ಮುಗಿದಿಲ್ಲ, ಅದಕ್ಕೆ ದೊಡ್ಡದಾದ, ಎರಡು ವರ್ಷಕ್ಕೆ ಕಡಿಮೆ ಇಲ್ಲದ ಪರೀಕ್ಷೆ ಬೇಕು. ಸಂಕಟ ಏನಂದ್ರೆ ಸನೋಫಿ ಕಂಪನಿ ವ್ಯಾಪಾರದ ಕಾರಣಕ್ಕೆ ಆ ಔಷಧಿಯನ್ನ ಅಮೆರಿಕದ ಮಾರುಕಟ್ಟೆಯಿಂದ ಈ ಫಲಿತಾಂಶ ಬರೋ ಮೊದಲೇ ತೆಗೆದಿತ್ತು. ಲಾಭ ಬರದ ಹಳೇ ಅಣುವಿಗೆ ಕೋಟಿಗಟ್ಟಲೆ ಹಾಕಿ ಪರೀಕ್ಷೆ ಮಾಡೋಕೆ ಕಂಪನಿಗಳು ಮುಂದೆ ಬರೋದು ಕಮ್ಮಿ, ಸರ್ಕಾರ ಮತ್ತು ದತ್ತಿ ಸಂಸ್ಥೆಗಳೇ ಮಾಡ್ಬೇಕು. ಒಳ್ಳೇ ಪ್ರಶ್ನೆಯೊಂದು ಉತ್ತರ ಸಿಗದೇ ಉಳಿಯೋದು ಹೀಗೆ, ಇದು ನಿಜವಾಗ್ಲೂ ಬೇಜಾರಿನ ವಿಷಯ.

ಜೇನು ಕಚ್ಚಿಸ್ಕೊಳ್ಳೋ ಚಿಕಿತ್ಸೆ ಬಗ್ಗೆ

ಇಂಥ ಸುದ್ದಿಗಳ ಅತಿ ಕೆಟ್ಟ ಪರಿಣಾಮ ಇದು. ಜೇನುವಿಷದಲ್ಲಿರೋ ಅಪಾಮಿನ್ ನರದ ಪೊಟ್ಯಾಶಿಯಂ ಚಾನೆಲ್ ಒಂದನ್ನ ಮುಚ್ಚತ್ತೆ, ಅದು ನಿಜ, ಅದರ ಮೇಲೆ ಸಂಶೋಧನೆ ಇದೆ, ಅದೂ ನಿಜ. ಅಲ್ಲಿಂದ ಜೀವಂತ ಜೇನುಹುಳದಿಂದ ಚುಚ್ಚಿಸ್ಕೊಂಡ್ರೆ ಪಾರ್ಕಿನ್ಸನ್ ವಾಸಿ ಆಗತ್ತೆ ಅನ್ನೋವರೆಗೆ ಹೋಗೋಕೆ ಯಾವ ಆಧಾರವೂ ಇಲ್ಲ. ಪಾರ್ಕಿನ್ಸನ್ ಇರೋ 40 ಜನರಿಗೆ ತಿಂಗಳಿಗೊಮ್ಮೆ ಅಳತೆ ಮಾಡಿದ ಜೇನುವಿಷ 11 ತಿಂಗಳು ಕೊಟ್ಟ ಪರೀಕ್ಷೆ 2016ರಲ್ಲಿ ಪ್ರಕಟ ಆಯ್ತು, ಪ್ಲಸೀಬೊಗಿಂತ ಗಣನೀಯ ಲಾಭ ಕಾಣ್ಲಿಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್ ಅನ್ನೋ ನರದ ಕಾಯಿಲೆ ಇರೋ 26 ಜನರ ಮೇಲೆ ನೆದರ್ಲೆಂಡ್ಸ್‌ನಲ್ಲಿ ಜೀವಂತ ಜೇನು ಚುಚ್ಚಿಸಿ ನೋಡಿದ್ರು, 2005ರ ವರದಿ, ಅಲ್ಲೂ ಲಾಭ ಇಲ್ಲ. ಸ್ಪೇನ್‌ನಲ್ಲಿ ಎರಡು ವರ್ಷದಿಂದ ಈ ಚಿಕಿತ್ಸೆ ತಗೊಳ್ತಿದ್ದ 55 ವರ್ಷದ ಮಹಿಳೆಯೊಬ್ಬರು ಒಂದು ಸಲ ಚುಚ್ಚಿಸ್ಕೊಂಡಾಗ ತೀವ್ರ ಅಲರ್ಜಿಯಾಗಿ ಆಮೇಲೆ ತೀರಿಕೊಂಡ ವರದಿ 2018ರಲ್ಲಿ ಬಂತು. ಇಷ್ಟು ದಿನ ಏನೂ ಆಗಿಲ್ಲ ಅನ್ನೋದು ಮುಂದೆ ಆಗಲ್ಲ ಅನ್ನೋದಕ್ಕೆ ಖಾತ್ರಿ ಅಲ್ಲ, ಅಲರ್ಜಿ ಹಾಗೆ ಸಂಗ್ರಹ ಆಗ್ತಾ ಬಂದು ಒಂದು ದಿನ ಹೊಡೆಯತ್ತೆ.

ಇದೇನೂ ಹೊಸ ಕಥೆ ಅಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ, ನರಕೋಶ ಸತ್ತು ಸ್ನಾಯು ಸೊರಗೋ ಕಾಯಿಲೆಯಾದ ಎಎಲ್‌ಎಸ್ ರೋಗಿಗಳು ಬದಲಾಯಿಸಿದ ನಾಗರಹಾವಿನ ವಿಷಕ್ಕಾಗಿ ಮುಗಿಬಿದ್ದಿದ್ರು, ಸರಿಯಾದ ಪರೀಕ್ಷೆ ಮಾಡಿದಾಗ ಅದೂ ಉಪಯೋಗಕ್ಕೆ ಬರ್ಲಿಲ್ಲ. ಬೇರೆ ದಾರಿ ಇಲ್ಲದ ಮನೆಯವರು ಇಂಥದ್ದರ ಹಿಂದೆ ಹೋಗೋದು ಸಹಜ, ಅವರ ಮೇಲೆ ಬೇಜಾರು ಮಾಡ್ಕೊಳ್ಳೋದು ನ್ಯಾಯ ಅಲ್ಲ. ಬೇಜಾರು ಮಾಡ್ಕೋಬೇಕಾಗಿರೋದು ಅದನ್ನ ಮಾರೋರ ಮೇಲೆ.

ಮುಂದೆ ಏನು ನಿರೀಕ್ಷೆ ಮಾಡಬಹುದು

ವಿಷದಿಂದ ಮಿದುಳಿಗೆ ಮೊದಲ ಲಾಭ ಸಿಗೋದಾದ್ರೆ ಅದು ಪಾರ್ಶ್ವವಾಯುವಿನಲ್ಲಿ ಸಿಗೋ ಸಾಧ್ಯತೆ ಹೆಚ್ಚು. ಆಸ್ಟ್ರೇಲಿಯಾದ ಕ್ಗಾರಿ ದ್ವೀಪದ ಫನಲ್ ವೆಬ್ ಜೇಡದ ವಿಷದಲ್ಲಿರೋ ಎಚ್‌ಐ1ಎ ಅನ್ನೋ ಅಣುವನ್ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೆನ್ ಕಿಂಗ್ ಮತ್ತು ಜೊತೆಗಾರರು 2017ರಲ್ಲಿ ವರದಿ ಮಾಡಿದ್ರು. ರಕ್ತ ನಿಂತ ಭಾಗದಲ್ಲಿ ಆಮ್ಲೀಯತೆ ಏರತ್ತೆ, ಆಗ ತೆರೆದುಕೊಳ್ಳೋ ಚಾನೆಲ್ ಒಂದರಿಂದ ಕೋಶಗಳು ಸಾಯ್ತವೆ, ಈ ಅಣು ಆ ಚಾನೆಲ್ ತೆರೆಯದ ಹಾಗೆ ನೋಡ್ಕೊಳ್ಳತ್ತೆ. ಇಲಿಗಳಲ್ಲಿ ಪಾರ್ಶ್ವವಾಯು ಆಗಿ 8 ಗಂಟೆ ಆದ್ಮೇಲೆ ಕೊಟ್ಟಾಗಲೂ ಹಾನಿ ಕಮ್ಮಿ ಆಯ್ತು. ಇಲ್ಲಿ ಮೇಲೆ ಹೇಳಿದ ತೊಡಕುಗಳು ಸ್ವಲ್ಪ ಸಡಿಲ: ಹಾನಿ ಯಾವಾಗ ಶುರುವಾಯ್ತು ಅಂತ ಗೊತ್ತು, ಔಷಧಿ ಒಂದೆರಡು ಸಲ ಸಾಕು, ಫಲಿತಾಂಶ ತಿಂಗಳುಗಳಲ್ಲಿ ಸ್ಕ್ಯಾನ್‌ನಲ್ಲೇ ಕಾಣತ್ತೆ. ಆದ್ರೂ ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಪಾರ್ಶ್ವವಾಯು ಔಷಧಿಗಳ ಪಟ್ಟಿ ಉದ್ದ ಇದೆ.

ಪಾರ್ಕಿನ್ಸನ್, ಅಲ್ಝೈಮರ್‌ನಲ್ಲಿ ಬದಲಾವಣೆ ಬರೋದು ಬಹುಶಃ ಇನ್ನೊಂದು ದಿಕ್ಕಿನಿಂದ. ರಕ್ತ ಪರೀಕ್ಷೆ, ಬೆನ್ನುಹುರಿ ದ್ರವದ ಪರೀಕ್ಷೆಯಿಂದ ಕಾಯಿಲೆಯನ್ನ ಲಕ್ಷಣಕ್ಕಿಂತ ಮೊದಲೇ ಹಿಡಿಯೋ ವಿಧಾನಗಳು ಸುಧಾರಿಸ್ತಿವೆ. ಬೆರಳು ತಟ್ಟೋ ಅಂಕದ ಬದಲು ಕೋಶದ ಹಾನಿಯನ್ನೇ ಅಳೆಯೋಕೆ ಆದ್ರೆ, ಕೋಶಗಳು ಇನ್ನೂ ಬದುಕಿರುವಾಗಲೇ ಔಷಧಿ ಕೊಡೋಕೆ ಆದ್ರೆ, ವಿಷಮೂಲದ ಅಣುಗಳನ್ನ ಮತ್ತೆ ಪರೀಕ್ಷೆ ಮಾಡೋದಕ್ಕೆ ಅರ್ಥ ಇರತ್ತೆ. ಅಲ್ಲಿವರೆಗೆ ಇಂಥ ಸುದ್ದಿ ಬಂದಾಗ ಮೊದಲು ನೋಡ್ಬೇಕಾಗಿದ್ದು ಪರೀಕ್ಷೆ ಯಾರ ಮೇಲೆ ನಡೀತು, ಎಷ್ಟು ಜನ, ಪ್ಲಸೀಬೊ ಗುಂಪು ಇತ್ತಾ ಅಂತ. ಈಗ ತಗೊಳ್ತಿರೋ ಮಾತ್ರೆ ಯಾವ ಕಾರಣಕ್ಕೂ ಸುದ್ದಿ ನೋಡಿ ನಿಲ್ಲಿಸ್ಬೇಡಿ, ಲೆವೊಡೋಪ ದಿಢೀರ್ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಆಗಬಹುದು. ಸಕ್ಕರೆ ಕಾಯಿಲೆ ಇಲ್ಲದೋರು ಜಿಎಲ್‌ಪಿ-1 ಗುಂಪಿನ ಈ ಇಂಜೆಕ್ಷನ್‌ಗಳನ್ನ ಮಿದುಳಿಗೆ ಒಳ್ಳೇದು ಅಂತ ತಾವಾಗೇ ಶುರು ಮಾಡೋದೂ ಬೇಡ, ಪಾರ್ಕಿನ್ಸನ್‌ನಲ್ಲಿ ಮೊದಲೇ ತೂಕ ಇಳೀತಿರತ್ತೆ, ಇವು ಇನ್ನೂ ಇಳಿಸ್ತವೆ. ಪರೀಕ್ಷೆಗೆ ಸೇರೋ ಆಸೆ ಇದ್ರೆ ನರರೋಗ ತಜ್ಞರ ಮೂಲಕ ಕೇಳಿ, ನಿಜವಾದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಔಷಧಿಗೆ ದುಡ್ಡು ತಗೊಳ್ಳಲ್ಲ. ವಿಷ ಚಿಕಿತ್ಸೆ ಅಂತ ಹೇಳಿ ಮುಂಗಡ ಕೇಳಿದ್ರೆ ಮಾತು ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ.